ಎರಡು ಬ್ರೇಕಿನ ಗಾಡಿ

ಮಾರ್ಚ್ 3, ಸೋಮವಾರ

ಬರೆದಿಡುವ ಅಭ್ಯಾಸ ನನಗಿಲ್ಲ. ಈ ನೋಟ್‌ಬುಕ್ಕು ಮೂಳೆ ಡಾಕ್ಟರ ಅಪ್ಪಣೆ. ಬಲ ಮೊಣಕಾಲು ಯಾವಾಗ ನೋಯುತ್ತದೆ, ಎಷ್ಟು ಸಲ, ಆಗ ನಾನು ಏನು ಮಾಡುತ್ತಿದ್ದೆ, ಎಲ್ಲ ಬರೆದು ಒಂದು ತಿಂಗಳ ನಂತರ ತಂದು ತೋರಿಸಬೇಕಂತೆ. "ಎಕ್ಸ್‌ರೇನಲ್ಲಿ ಏನೂ ಕಾಣ್ತಿಲ್ಲ. ಇನ್ನು ನೀವೇ ಹುಡುಕ್ಬೇಕು" ಎಂದರು.

ಇವತ್ತು ಒಂಬತ್ತು ಸಲ. ಏಳು ಸಲ ಗಾಡಿಯಲ್ಲಿ ಪಾಠ ಹೇಳುವಾಗ. ಒಂದು ಸಲ ಮನೆಯವರ ಬೇಕರಿ ವ್ಯಾನಿನಲ್ಲಿ. ಇನ್ನೊಂದು ಸಲ ಸೋಫಾದ ಮೇಲೆ, ಟಿವಿಯಲ್ಲಿ ಯಾರೋ ಕಾರು ಜೋರಾಗಿ ಓಡಿಸುತ್ತಿದ್ದಾಗ. ಕಾಲು ತಾನಾಗಿಯೇ ನೆಲ ಒತ್ತುತ್ತದೆ. ಮಗಳು ನೋಡಿ, "ಅಮ್ಮಾ, ಅದು ಸಿನಿಮಾ. ಅಲ್ಲಿಗೆ ನಿನ್ನ ಬ್ರೇಕ್ ಎಟುಕಲ್ಲ" ಎಂದಳು.

ಕಾರಣ ಡಾಕ್ಟರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿದೆ. ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುವುದು ನನ್ನ ಕೆಲಸ. ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಳೆದ ತಿಂಗಳು ಒಬ್ಬ ಹುಡುಗಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದು, ಗಾಡಿಯನ್ನು ಹೂವಿನ ಅಂಗಡಿಯ ಮೆಟ್ಟಿಲು ಹತ್ತಿಸಿದಳು. ಯಾರಿಗೂ ಏನೂ ಆಗಲಿಲ್ಲ. ಹೂಕುಂಡಗಳು ಹೋದವು, ಜೊತೆಗೆ ನನ್ನ ಧೈರ್ಯವೂ ಹೋಯಿತು. ಅಂದಿನಿಂದ ನನ್ನ ಕಾಲು ಬ್ರೇಕಿನ ಮೇಲಿಂದ ಏಳುವುದೇ ಇಲ್ಲ.

ಸ್ಕೂಲಿನ ಯಜಮಾನಿ ನನ್ನ ನಾದಿನಿ. ಸಂಜೆ ಕರೆದು ಕೂರಿಸಿಕೊಂಡು ಮೆತ್ತಗೆ ಹೇಳಿದಳು. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಗಾಡಿನ ಎಲ್ಲಾ ಕಡೆ ನೀವೇ ನಿಲ್ಲಿಸ್ತಾ ಹೋದ್ರೆ ಅವ್ರು ಕಲಿಯೋದು ಯಾವಾಗ? ಮೂರು ಜನ ಫೇಲಾದ್ರು. ಈ ತಿಂಗಳೊಳಗೆ ಒಬ್ಬರನ್ನಾದ್ರೂ ಪಾಸ್ ಮಾಡ್ಸಿ. ಆಗ್ಲಿಲ್ವಾ, ಸ್ವಲ್ಪ ದಿನ ಆಫೀಸಲ್ಲಿ ಕೂತು ಫೋನ್ ನೋಡ್ಕೊಳ್ಳಿ."

ಫೋನ್ ನೋಡಿಕೊಳ್ಳುವುದಂತೆ! ಆ ಫೋನು ದಿನಕ್ಕೆ ನಾಲ್ಕು ಸಲ ರಿಂಗಾಗುತ್ತದೆ, ಅದರಲ್ಲಿ ಎರಡು ರಾಂಗ್ ನಂಬರ್.

ಮಾರ್ಚ್ 4, ಮಂಗಳವಾರ

ಹನ್ನೊಂದು ಸಲ.

ಪಾಸ್ ಮಾಡಿಸಬೇಕಾದ ಆ ಒಬ್ಬರು ಇವತ್ತು ಬಂದರು. ವಯಸ್ಸು ಅರವತ್ತೆರಡು. ತತ್ತ್ವಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಉಪನ್ಯಾಸ ಕೊಡುತ್ತಾರಂತೆ. ಸಾರಾಂಶ ಒಂದೇ: ಇರುವುದೆಲ್ಲ ಒಂದು, ನೋಡುವವನೂ ನೋಡುವ ವಸ್ತುವೂ ಬೇರೆಯಲ್ಲ, ಎರಡಿಲ್ಲ. ಇಷ್ಟು ಕಾಲ ಅವರನ್ನು ಎಲ್ಲ ಕಡೆಗೂ ಕರೆದುಕೊಂಡು ಹೋಗುತ್ತಿದ್ದವರು ಹೆಂಡತಿ. ಈಗ ಆಕೆಯ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಮೂವತ್ತೊಂದನೇ ತಾರೀಕು. ಬೆಳಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿರಬೇಕು. ಅಷ್ಟು ಹೊತ್ತಿಗೆ ಆ ಕಡೆ ಬಸ್ಸಿಲ್ಲ.

ಅಭ್ಯಾಸದಂತೆ ಶುರು ಮಾಡಿದೆ. "ಮೇಷ್ಟ್ರೇ, ಈ ಗಾಡೀಲಿ ಬ್ರೇಕ್ ಎರಡಿದೆ."

ಅವರ ಮುಖ ಅರಳಿತು. "ಎರಡಿಲ್ಲ."

"ಇದೆ. ಬಗ್ಗಿ ನೋಡಿ."

ಬಗ್ಗಿ ನೋಡಿದರು. "ಇದೆ" ಎಂದು ಒಪ್ಪಿಕೊಂಡರು. ನಾನು ನನ್ನ ಬ್ರೇಕ್ ತುಳಿದು ತೋರಿಸಿದೆ. ಪೀಂ ಎಂದಿತು. ನಾನು ತುಳಿದಾಗ ಮಾತ್ರ ಆ ಸದ್ದು ಬರುತ್ತದೆ, ಗಾಡಿ ನಿಲ್ಲಿಸಿದ್ದು ತಾವಲ್ಲ ಎಂದು ಕಲಿಯುವವರಿಗೆ ತಿಳಿಯಲಿ ಎಂದು.

ಒಂದು ಗಂಟೆಯಲ್ಲಿ ಮೂವತ್ತೆಂಟು ಸಲ ಪೀಂ. ಸ್ಟೀರಿಂಗನ್ನು ಅವರು ಹಿಡಿದ ರೀತಿ ನೋಡಿದರೆ, ಅದು ಅವರ ಕೈಯಿಂದ ಬಿಡಿಸಿಕೊಂಡು ಓಡಿಹೋಗುವ ಕಳ್ಳನಿರಬೇಕು. ಮಾಡುವವನು ಎಂಬುವನೇ ಇಲ್ಲ ಎಂದು ಮೂವತ್ತು ವರ್ಷ ಹೇಳಿದ ಕೈಗಳು!

ಮನೆಗೆ ಬಂದು ಹೇಳಿದಾಗ ಮನೆಯವರು ಬ್ರೆಡ್ ಕೊಯ್ಯುತ್ತಾ ನಕ್ಕರು. "ನಿನ್ನ ಕಾಲೇನು ಬ್ರೇಕನ್ನ ಕಡಿಮೆ ಹಿಡ್ಕೊಂಡಿದ್ಯಾ?" ನನಗೆ ರೇಗಿತು.

ಮಾರ್ಚ್ 6, ಗುರುವಾರ

ಎಂಟು ಸಲ. ಎಂಟನೆಯದು ಊಟದ ಮೇಜಿನ ಕೆಳಗೆ.

ಮಗಳಿಗೆ ಹದಿನೇಳು. ಶಾಲೆ ಮುಗಿದ ಮೇಲೆ ಲಿಫ್ಟ್ ರಿಪೇರಿ ಕಲಿಯುತ್ತಾಳಂತೆ. "ಯಾರೂ ಆ ಕಡೆ ನೋಡೋದೇ ಇಲ್ಲಮ್ಮ. ಎಲ್ಲರೂ ಲಿಫ್ಟಲ್ಲಿ ನಿಂತು ಮೊಬೈಲ್ ನೋಡ್ತಾರೆ. ಮೇಲೆ ಏನೇನು ನಡೀತಿರುತ್ತೆ ಗೊತ್ತಾ?"

"ಗೊತ್ತು. ಹನ್ನೆರಡು ಅಂತಸ್ತಿನ ಗುಂಡಿ ಇರುತ್ತೆ. ಬೇಡ."

"ಇನ್ನೂ ಪೂರ್ತಿ ಕೇಳ್ಲೇ ಇಲ್ವಲ್ಲ ನೀನು!"

"ಬೇಡ ಅಂದ್ಮೇಲೆ ಬೇಡ."

ತಟ್ಟೆ ತೆಗೆದುಕೊಂಡು ಎದ್ದುಹೋದಳು. ಅಪ್ಪ ಮಗಳು ಇಬ್ಬರೂ ಅಡುಗೆಮನೆಯಲ್ಲಿ ಗುಸುಗುಸು. ನಾನು ಇವರ ಒಳ್ಳೆಯದಕ್ಕೇ ಹೇಳಿದರೂ ಈ ಮನೆಯಲ್ಲಿ ಖಳನಾಯಕಿ ನಾನೇ.

ಮಾರ್ಚ್ 8, ಶನಿವಾರ

ಸರಿಯಾಗಿ ಎಣಿಸಲಿಲ್ಲ. ಐದಿರಬಹುದು.

ದೊಡ್ಡ ಸರ್ಕಲ್ಲಿನ ನಡುವೆ ಮೇಷ್ಟ್ರು ಕ್ಲಚ್ ಬಿಟ್ಟುಬಿಟ್ಟು ಎಂಜಿನ್ ಆಫ್ ಆಯಿತು. ಮತ್ತೆ ಹಾಕಿದರು, ಮತ್ತೆ ಆಫ್. ಹಿಂದೆ ಬಸ್ಸು, ಪಕ್ಕದಲ್ಲಿ ಹಾಲಿನ ಲಾರಿ, ಎಲ್ಲ ದಿಕ್ಕಿನಿಂದಲೂ ಹಾರ್ನ್. ಅವರು ಸ್ಟೀರಿಂಗಿನ ಮೇಲೆ ಹಣೆ ಇಟ್ಟುಬಿಟ್ಟರು.

"ಟೀಚರ್, ನಿಮ್ಹತ್ರ ಒಂದು ಮಾತು ಹೇಳ್ಲಾ?"

"ಈಗಲೇನಾ?"

"ನಾನು ಹೇಳ್ತೀನಲ್ಲ ಅದು, ಎಲ್ಲಾ ಒಂದೇ ಅಂತ. ನನಗೆ ಒಂದು ದಿನವೂ ಹಾಗನ್ನಿಸಿಲ್ಲ. ಒಂದೇ ಒಂದು ದಿನ. ಭಾನುವಾರ ಎಲ್ಲರೂ ಕಣ್ಣು ಮುಚ್ಚಿ ಕೂತ್ಕೋತಾರೆ. ಕಣ್ಣು ಬಿಟ್ಕೊಂಡಿರೋನು ನಾನೊಬ್ಬನೇ. ಗಡಿಯಾರ ನೋಡ್ತಾ ಇರ್ತೀನಿ."

ನಗಬಾರದಿತ್ತು. ಆದರೆ ಬಸ್ಸಿನವನು ಹಿಂದಿನಿಂದ ಉದ್ದಕ್ಕೆ ಹಾರ್ನ್ ಒತ್ತಿಹಿಡಿದಿದ್ದ, ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಜಾರಿತ್ತು, ನನಗೆ ನಗು ಬಂದುಬಿಟ್ಟಿತು. ನಗುವುದನ್ನು ನೋಡಿ ಅವರಿಗೂ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ನನಗೂ ಒಂದು ಮಾತಿದೆ" ಎಂದೆ. "ನಾನು ಡ್ರೈವಿಂಗ್ ಟೀಚರ್. ನನಗೆ ಕಾರಂದ್ರೆ ಭಯ."

"ಓ" ಎಂದರು, ಬಹಳ ಗೌರವದಿಂದ.

ಅವರು ನನ್ನನ್ನು ಟೀಚರ್ ಎನ್ನುತ್ತಾರೆ, ನಾನು ಅವರನ್ನು ಮೇಷ್ಟ್ರೇ ಎನ್ನುತ್ತೇನೆ. ಗಾಡಿಯಲ್ಲಿ ವಿದ್ಯಾರ್ಥಿಯೇ ಇರಲಿಲ್ಲ. ಹೇಗೋ ಹೊರಟೆವು.

ಮಾರ್ಚ್ 11, ಮಂಗಳವಾರ

ಎರಡು ಸಲ. ಮೇಷ್ಟ್ರಿಗೆ ಕ್ಲಚ್ ಬಂತು. ನಾನು ಹೇಳಿಕೊಟ್ಟದ್ದರಿಂದಲ್ಲ. ಅವರು ತಮ್ಮ ಮೊಮ್ಮಗುವಿಗೆ ಹಲ್ಲು ಬಂದ ಕಥೆ ಹೇಳುತ್ತಿದ್ದರು, ಕಾಲು ಅಷ್ಟರಲ್ಲಿ ತನ್ನ ಕೆಲಸ ಮಾಡಿ ಮುಗಿಸಿತ್ತು.

ಮಾರ್ಚ್ 13, ಗುರುವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪೀಠೋಪಕರಣದ ಅಂಗಡಿಗಳ ರಸ್ತೆಯಲ್ಲಿ ಹೋಗುತ್ತಿದ್ದೆವು. ಮೇಷ್ಟ್ರು ಚೆನ್ನಾಗಿಯೇ ಓಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಎದುರಿನಿಂದ ಒಂದು ಗಾಡಿ ನೇರ ನಮ್ಮ ಮೇಲೆಯೇ ಬಂತು. ಅದರ ತಲೆಯ ಮೇಲೂ ಡ್ರೈವಿಂಗ್ ಸ್ಕೂಲಿನ ಬೋರ್ಡು. ಒಳಗೆ ಗಾಬರಿಬಿದ್ದ ಒಬ್ಬ ವಯಸ್ಸಾದವರು, ಪಕ್ಕದಲ್ಲಿ ಬಾಯಿ ತೆರೆದ ಒಬ್ಬ ಹೆಂಗಸು.

"ಯಾರ್ರೀ ಇವ್ರು, ಗಾಡಿ ಓಡಿಸೋಕೆ ಬರಲ್ವಾ!" ಎಂದು ಕೂಗಿದೆ.

ಗಾಡಿ ನಿಂತಿತು. ಎದುರಿನದೂ ನಿಂತಿತು. ಆಮೇಲೆ ಎದುರಿನ ಗಾಡಿ ಮೆಲ್ಲಗೆ ಪಕ್ಕಕ್ಕೆ ಸರಿಯಿತು, ಅದರ ಕೆಳಗೆ ನಾಲ್ಕು ಕಾಲು ಕಾಣಿಸಿದವು. ಇಬ್ಬರು ಕೂಲಿಗಳು ಆಳೆತ್ತರದ ಕನ್ನಡಿಯೊಂದನ್ನು ಹೊತ್ತು ರಸ್ತೆ ದಾಟುತ್ತಿದ್ದರು. ನಾನು ಬೈದದ್ದು ನನಗೇ.

"ಒಳ್ಳೇ ಸಮಯಕ್ಕೆ ಬ್ರೇಕ್ ಹಾಕಿದ್ರಿ ಟೀಚರ್" ಎಂದರು ಮೇಷ್ಟ್ರು.

"ನಾನಲ್ಲ, ನೀವು ಹಾಕಿದ್ದು."

"ನಾನೆಲ್ಲಿ ಹಾಕ್ದೆ? ನಾನು ಕಣ್ಣು ಮುಚ್ಕೊಂಡಿದ್ದೆ."

ಪೀಂ ಎಂದಿರಲಿಲ್ಲ. ಕೆಳಗೆ ನೋಡಿದೆ. ಅವರ ಕಾಲು ಬ್ರೇಕಿನ ಮೇಲಿತ್ತು. ನನ್ನದು ಮ್ಯಾಟಿನ ಮೇಲೆ, ಬಿಸಿಲಿಗೆ ಮಲಗಿದ ಬೆಕ್ಕಿನ ಹಾಗೆ ಸುಮ್ಮನೆ ಬಿದ್ದಿತ್ತು. ಆದರೆ ನಿಲ್ಲಿಸಿದ್ದು ನನಗೆ ಸ್ಪಷ್ಟವಾಗಿ ಗೊತ್ತು. ನನ್ನ ಕಾಲೇ ತುಳಿದ ಹಾಗೆ, ಒಳಗಿನಿಂದ ಗೊತ್ತು.

ಅಲ್ಲಿಂದ ಹೊರಟ ಮೇಲೆ ಸುಮಾರು ಹತ್ತು ನಿಮಿಷ ನಾನು ಇರಲಿಲ್ಲ. ಮೂರ್ಛೆಯಲ್ಲ, ನಿದ್ದೆಯಲ್ಲ. ರಸ್ತೆ ಇತ್ತು. ಇಂಡಿಕೇಟರಿನ ಟಿಕ್‌ಟಿಕ್ ಇತ್ತು. ಮೇಷ್ಟ್ರ ಉಸಿರು, ಎರಡನೇ ಮಹಡಿಯಲ್ಲಿ ಒಣಹಾಕಿದ ನೀಲಿ ಹೊದಿಕೆ, ಸೈಕಲ್ಲಿನ ಗಂಟೆ, ಎಲ್ಲ ಇದ್ದವು, ಎಂದಿಗಿಂತ ಹೆಚ್ಚಾಗಿಯೇ ಇದ್ದವು. ಅವನ್ನು ನೋಡುತ್ತಿರುವವಳು ಎಂದು ಒಬ್ಬಳನ್ನು ಬೇರೆಯಾಗಿ ಎಲ್ಲಿಯೂ ಕೂರಿಸಿರಲಿಲ್ಲ, ಅಷ್ಟೇ. ಹೊದಿಕೆ ಗಾಳಿಗೆ ಉಬ್ಬಿದರೆ ಉಬ್ಬಿದ್ದು ನಾನೇ. ಹೆದರಿಕೆ ಇರಲಿಲ್ಲ. ಹೆದರಲು ಆಳೇ ಇಲ್ಲದ ಮೇಲೆ ಹೆದರಿಕೆ ಪಾಪ ಎಲ್ಲಿ ಕೂರಬೇಕು?

ಸ್ಕೂಲಿನ ಗೇಟಿನ ಬಳಿ ನಾದಿನಿ "ಅತ್ತಿಗೆ, ಚಹಾ ಬೇಕಾ?" ಎಂದಳು. "ಬೇಕು" ಎಂದೆ. ಆಗ ವಾಪಸ್ ಬಂದೆ ಎನ್ನಿಸುತ್ತದೆ. ಬೆಳಗ್ಗೆ ತಿಂಡಿ ಸರಿಯಾಗಿ ತಿಂದಿರಲಿಲ್ಲ. ಅದಕ್ಕೇ ಇರಬೇಕು. ಆರು ಬಿಸ್ಕತ್ತು ತಿಂದೆ.

ಮಾರ್ಚ್ 14, ಶುಕ್ರವಾರ

ಮೇಷ್ಟ್ರಿಗೆ ಹೇಳಬಾರದಿತ್ತು. ತಮಾಷೆಯೆಂದು ಹೇಳಿದೆ. ಅವರು ಗಾಡಿಯನ್ನು ಬದಿಗೆ ತೆಗೆದರು. ಸರಿಯಾಗಿ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಅಚ್ಚುಕಟ್ಟಾಗಿ ತೆಗೆದರು. ಅಷ್ಟು ಚೆನ್ನಾಗಿ ಯಾವತ್ತೂ ನಿಲ್ಲಿಸಿದವರಲ್ಲ.

"ಮತ್ತೊಂದ್ಸಲ ಹೇಳಿ."

ಹೇಳಿದೆ. ಹೊದಿಕೆ, ಸೈಕಲ್, ಎಲ್ಲ.

"ಬಿಸ್ಕತ್ತು ತಿಂದಿದ್ದಕ್ಕೆ ಹೋಯ್ತಾ?"

"ಚಹಾಕ್ಕೇ ಹೋಯ್ತು ಅನ್ಸುತ್ತೆ. ಬಿಸ್ಕತ್ತು ಆಮೇಲೆ ತಿಂದಿದ್ದು."

ಅವರ ಮುಖ ಕೆಂಪಾಯಿತು. "ಮೂವತ್ತು ವರ್ಷ ಟೀಚರ್. ಮೂವತ್ತು ವರ್ಷ ಓದಿದೀನಿ, ಉಪವಾಸ ಇದ್ದೀನಿ, ಗುಡ್ಡದ ಮೇಲೆ ಹೋಗಿ ಮೌನವಾಗಿ ಕೂತಿದೀನಿ. ನನಗೆ ನೆಗಡಿ ಬಂತು. ನಿಮಗೆ ಪೀಠೋಪಕರಣದ ಅಂಗಡಿ ಮುಂದೆ, ನಾನು ಗಾಡಿ ಓಡಿಸ್ತಾ ಇರುವಾಗ, ಪಕ್ಕದಲ್ಲಿ ಕೂತ್ಕೊಂಡು..." ಮಾತು ಮುಗಿಸಲಿಲ್ಲ. ಪಾಠ ಮುಗಿದು ಇಳಿಯುವಾಗ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದರು.

ಮಾರ್ಚ್ 17, ಸೋಮವಾರ

ಮೇಷ್ಟ್ರು ಬರಲಿಲ್ಲ. ಫೋನೂ ಇಲ್ಲ.

ಮಾರ್ಚ್ 18, ಮಂಗಳವಾರ

ಇವತ್ತೂ ಇಲ್ಲ. ಪಾಠದ ಹೊತ್ತಿಗೆ ಅವರ ಹೆಂಡತಿಯೇ ಬಂದರು. ಒಂದು ಕಣ್ಣಿಗೆ ಪಟ್ಟಿ ಇನ್ನೂ ಇದೆ. ದಪ್ಪ ದನಿ, ದೊಡ್ಡ ನಗು. ಬಂದವರೇ ನನ್ನ ಕೈ ಹಿಡಿದುಕೊಂಡರು.

"ಮನೇಲಿ ನಾಲ್ಕು ದಿನದಿಂದ ಮುಖ ಊದಿಸ್ಕೊಂಡು ಕೂತಿದಾರೆ ಕಣಮ್ಮ. ಏನಾಯ್ತು ಅಂದ್ರೆ, 'ಅವಳಿಗೆ ಬಂತು, ನನಗೆ ಬರ್ಲಿಲ್ಲ' ಅಂತಾರೆ. ನಾನು ಜ್ವರ ಅಂದ್ಕೊಂಡೆ. ಏನು ಬಂತಮ್ಮ ನಿನಗೆ?"

ವಿಷಯ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ಅದಾ! ಅದು ನನಗೆ ಇಸ್ತ್ರಿ ಮಾಡುವಾಗ ಬರ್ತಿರುತ್ತೆ. ಅವರಿಗೆ ಮಾತ್ರ ಹೇಳ್ಬೇಡ, ಆಮೇಲೆ ಊಟಾನೂ ಬಿಡ್ತಾರೆ." ನಗು ನಿಲ್ಲಿಸಿ, ಮೆಲ್ಲಗೆ ಹೇಳಿದರು: "ಆಪರೇಷನ್ ದಿನ ಅವರೇ ಕರ್ಕೊಂಡು ಹೋಗ್ಬೇಕು ಅಂತ ನನಗಾಸೆ. ಟ್ಯಾಕ್ಸಿ ಸಿಗಲ್ಲ ಅಂತಲ್ಲ. ಇಷ್ಟು ವರ್ಷ ನಾನೇ ಕೂರಿಸ್ಕೊಂಡು ಸುತ್ತಿದೀನಿ. ಒಂದ್ಸಲ ನಾನು ಕೂತ್ಕೋಬೇಕು. ನಾಳೆ ಕಳಿಸ್ತೀನಿ, ಬಿಡ್ಬೇಡ."

ಮಾರ್ಚ್ 19, ಬುಧವಾರ

ಬಂದರು. ಪರೀಕ್ಷೆ ನಾಡಿದ್ದು. ಎರಡು ಬೀದಿ ದಾಟಿದ ಮೇಲೆ, "ಹೊಟ್ಟೆಕಿಚ್ಚು ಟೀಚರ್. ಕ್ಷಮಿಸಿ. ಎರಡಿಲ್ಲ ಅನ್ನೋನಿಗೆ ಹೊಟ್ಟೆಕಿಚ್ಚು ಬರೋಕೆ ಇನ್ನೊಬ್ರು ಎಲ್ಲಿಂದ ಬಂದ್ರು, ಹೇಳಿ" ಎಂದರು.

"ಬಂದ್ರೆ ಬಂತು ಬಿಡಿ ಮೇಷ್ಟ್ರೇ. ಗೇರ್ ಬದಲಾಯಿಸಿ."

"ಮತ್ತೆ ಬಂತಾ ಅದು?"

"ಬರುತ್ತೇನೋ ಅಂತ ಕಾದ್ರೆ ಬರಲ್ಲ. ಮರೆತಿದ್ದಾಗ ಬಂದು ಹೋಗಿರುತ್ತೆ. ಹೋದ್ಮೇಲೆ, ಓ ಬಂದಿತ್ತು ಅಂತ ಗೊತ್ತಾಗುತ್ತೆ."

"ಬಂದಾಗ ನೀವೇ ಇರಲ್ಲ. ನೀವಿದ್ದಾಗ ಅದು ಇರಲ್ಲ. ಹಾಗಾದ್ರೆ ಸಿಕ್ಕಿದ್ದು ಯಾರಿಗೆ?"

"ನಿಮಗೆ ಕ್ಲಚ್ ಹೇಗೆ ಬಂತು? ಹನ್ನೆರಡು ಸಲ ಹೇಳಿಕೊಟ್ಟೆ, ಬರ್ಲಿಲ್ಲ. ಮೊಮ್ಮಗು ಹಲ್ಲಿನ ಕಥೆ ಹೇಳುವಾಗ ಬಂತು. ಯಾರಿಗೆ ಬಂತು?"

"ಹಾಗಾದ್ರೆ ನಾನೀಗ ಏನು ಮಾಡ್ಬೇಕು ಟೀಚರ್?"

"ಸದ್ಯಕ್ಕೆ ಎಡಕ್ಕೆ ತಿರುಗ್ಬೇಕು."

ತಿರುಗಿದರು.

ಮಾರ್ಚ್ 21, ಶುಕ್ರವಾರ

ಫೇಲು.

ಪರೀಕ್ಷಕರು ನನ್ನ ಸೀಟಿನಲ್ಲಿ ಕೂತರು, ನಾನು ಹೊರಗೆ ಬೆಂಚಿನ ಮೇಲೆ. ಗಾಡಿ ಓಡಿಸುವುದರಲ್ಲಿ ತಪ್ಪು ಬರೀ ಒಂದು: ನಿಂತಿದ್ದ ಲಾರಿಗೆ "ನೀವು ಮೊದಲು ಹೋಗಿ" ಎಂದು ಕೈ ತೋರಿಸಿ ನಾಲ್ಕು ನಿಮಿಷ ಕಾದರಂತೆ. ಅದರಲ್ಲಿ ಡ್ರೈವರೇ ಇರಲಿಲ್ಲ. ಅದನ್ನಾದರೂ ಬಿಡುತ್ತಿದ್ದರೇನೋ. ಕೊನೆಯಲ್ಲಿ ಪರೀಕ್ಷಕರು, "ಮುಂದಿನ ಗಾಡಿಗೂ ನಿಮಗೂ ಎಷ್ಟು ಅಂತರ ಇರಬೇಕು?" ಎಂದು ಕೇಳಿದ್ದಾರೆ. ಇವರು, "ತತ್ತ್ವದ ದೃಷ್ಟಿಯಿಂದ ನೋಡಿದರೆ ಅಂತರ ಅನ್ನೋದೇ..." ಎಂದು ಶುರು ಮಾಡಿದ್ದಾರೆ.

ಇಳಿದು ಬಂದು ತಲೆ ತಗ್ಗಿಸಿ ನಿಂತರು. "ಬಾಯಿಗೆ ಅಭ್ಯಾಸ ಆಗಿಬಿಟ್ಟಿದೆ ಟೀಚರ್."

"ಇಪ್ಪತ್ತೇಳಕ್ಕೆ ಇನ್ನೊಂದು ತಾರೀಕು ಇದೆ. ಬನ್ನಿ, ಏನಾದ್ರೂ ತಿನ್ನೋಣ" ಎಂದೆ. ಅದೂ ಹೋದರೆ ಅವರ ಹೆಂಡತಿಗೆ ಟ್ಯಾಕ್ಸಿ, ನನಗೆ ಫೋನು. ಮೊಟ್ಟೆ ಆಮ್ಲೆಟ್ ಚೆನ್ನಾಗಿತ್ತು.

ಮಾರ್ಚ್ 22, ಶನಿವಾರ

ಊಟದ ಹೊತ್ತಿಗೆ ಮಗಳು ಲಿಫ್ಟ್ ತರಬೇತಿಯ ಅರ್ಜಿ ತಂದು ಅಪ್ಪನ ಮುಂದೆ ಮೆಲ್ಲಗೆ ಸರಿಸಿದಳು. ಪೋಷಕರ ಸಹಿ ಬೇಕಂತೆ. ಮನೆಯವರ ಕೈ ಹಿಟ್ಟಾಗಿತ್ತು. ಅದಕ್ಕೇ ನಾನು ತೆಗೆದುಕೊಂಡು ಓದಿದೆ. ಮೊದಲ ವರ್ಷ ಪೂರ್ತಿ ನೆಲದ ಮೇಲೆಯೇ ಪಾಠ, ಆಮೇಲೆ ಸೊಂಟಕ್ಕೆ ಬೆಲ್ಟು. "ಹೆಲ್ಮೆಟ್ ಅವ್ರೇ ಕೊಡ್ತಾರಾ, ನಾವೇ ತಗೋಬೇಕಾ?" ಎಂದು ಕೇಳಿದೆ. ಅವರೇ ಕೊಡುತ್ತಾರಂತೆ. ಸಹಿ ಹಾಕಿ, "ಉಪ್ಪಿನ ಡಬ್ಬಿ ಈಚೆ ಕೊಡು" ಎಂದೆ.

ಯಾರೂ ಕೊಡಲಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಮನೆಯವರು ಹಿಟ್ಟಿನ ಕೈಯಲ್ಲೇ ನನ್ನ ಹಣೆ ಮುಟ್ಟಿ, "ಹುಷಾರಾಗಿದೀಯಾ ತಾನೇ?" ಎಂದರು. ಹಣೆಯೆಲ್ಲ ಹಿಟ್ಟು. ಮಗಳು ಬಂದು ಹಿಂದಿನಿಂದ ತಬ್ಬಿಕೊಂಡಳು, ನನ್ನ ಸೂಪು ಚೆಲ್ಲಿತು. ಈ ಮನೆಯಲ್ಲಿ ನೆಮ್ಮದಿಯಾಗಿ ಒಂದು ಊಟ ಮಾಡುವ ಹಾಗಿಲ್ಲ.

ಮಾರ್ಚ್ 27, ಗುರುವಾರ

ಬೆಳಗ್ಗೆ ಹೊರಡುವಾಗ ನಾದಿನಿ ಕೇಳಿದಳು. "ಅತ್ತಿಗೆ, ಈಚೆಗೆ ನಿಮ್ಮ ಗಾಡೀಲಿ ಪೀಂ ಅನ್ನೋದೇ ಕೇಳಿಸ್ತಿಲ್ಲ. ಕೆಟ್ಟಿದ್ಯಾ? ರಿಪೇರಿಗೆ ಕಳಿಸ್ಲಾ?" ನನಗೂ ಅನುಮಾನ ಬಂದು ತುಳಿದು ನೋಡಿದೆ. ಪೀಂ ಎಂದಿತು. ಸರಿಯಾಗಿಯೇ ಇದೆ.

ಬೆಂಚಿನ ಮೇಲೆ ಕೂತು ಕಾದೆ. ಪಕ್ಕದಲ್ಲಿ ಇನ್ನೊಂದು ಸ್ಕೂಲಿನ ಟೀಚರ್ ಉಗುರು ಕಚ್ಚುತ್ತಿದ್ದರು. ಅವರಿಗೊಂದು ಕಿತ್ತಲೆ ಹಣ್ಣು ಸುಲಿದು ಕೊಟ್ಟೆ.

ಇಪ್ಪತ್ತೈದು ನಿಮಿಷಕ್ಕೆ ಗಾಡಿ ವಾಪಸ್ ಬಂತು. ಮೇಷ್ಟ್ರು ಇಳಿದು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಪಾಸ್! ಪರೀಕ್ಷಕರು ಅಂತರದ ಪ್ರಶ್ನೆಯನ್ನು ಮತ್ತೆ ಕೇಳಿದರಂತೆ. "ಎರಡು ಸೆಕೆಂಡು ಅಂದೆ ಟೀಚರ್. ಬರೀ ಅಷ್ಟೇ ಅಂದು ಬಾಯಿ ಮುಚ್ಕೊಂಡೆ. ಮೂವತ್ತು ವರ್ಷದಲ್ಲಿ ಮೊದಲನೇ ಸಲ, ಎರಡು ಅಂತ ಒಪ್ಕೊಂಡಿದೀನಿ."

ನಾದಿನಿ ಇಡೀ ಸ್ಕೂಲಿಗೆ ಕೇಕ್ ತರಿಸಿದಳು. ನಮ್ಮ ಬೇಕರಿಯದೇ. ಸೋಮವಾರದಿಂದ ನನಗೆ ಹೊಸದಾಗಿ ನಾಲ್ಕು ಜನ. ಅವರಲ್ಲಿ ಹೂವಿನ ಅಂಗಡಿಯ ಮೆಟ್ಟಿಲು ಹತ್ತಿಸಿದ ಹುಡುಗಿಯೂ ಇದ್ದಾಳೆ. ನನ್ನ ಹತ್ತಿರವೇ ಕಲಿಯಬೇಕು ಎಂದು ಕೇಳಿ ಬಂದಿದ್ದಾಳಂತೆ. ಪಾಪ, ಅವಳೂ ಅಂದು ಎಷ್ಟು ಹೆದರಿದ್ದಳೋ. ನಾನು ಕೇಳಲೇ ಇಲ್ಲ.

ಮಾರ್ಚ್ 31, ಸೋಮವಾರ

ಬೆಳಗ್ಗೆ ಆರೂಕಾಲಿಗೆ ಮೇಷ್ಟ್ರ ಹೆಂಡತಿಯ ಫೋನು, ಆಸ್ಪತ್ರೆಯಿಂದ. "ಬಂದ್ವಮ್ಮ. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಎಲ್ಲರಿಗೂ ದಾರಿ ಬಿಟ್ರು. ನಾನು ಪಕ್ಕದಲ್ಲಿ ಕಾಲು ಚಾಚ್ಕೊಂಡು ಕೂತಿದ್ದೆ. ರಾಣಿ ಹಂಗೆ." ಹಿಂದಿನಿಂದ ಮೇಷ್ಟ್ರು, "ಹಿಂದಕ್ಕೆ ತಗೊಂಡು ನಿಲ್ಲಿಸಿದ್ದೂ ಹೇಳು" ಎಂದು ಕೂಗುತ್ತಿದ್ದರು.

ಮಧ್ಯಾಹ್ನ ಇನ್ನೊಂದು ಫೋನು. ಆಪರೇಷನ್ ಚೆನ್ನಾಗಿ ಆಯಿತು.

ಏಪ್ರಿಲ್ 6, ಭಾನುವಾರ

ಮೇಷ್ಟ್ರ ಉಪನ್ಯಾಸಕ್ಕೆ ಹೋಗಿದ್ದೆ. ಬರಲೇಬೇಕು ಎಂದು ಇಬ್ಬರೂ ಹಟ ಹಿಡಿದಿದ್ದರು. ಗ್ರಂಥಾಲಯದ ಮೇಲಿನ ಹಾಲು, ಸುಮಾರು ನಲವತ್ತು ಕುರ್ಚಿ, ಎಲ್ಲರೂ ಬಂದ ಕೂಡಲೇ ಕಣ್ಣು ಮುಚ್ಚಿ ಕೂತರು. ನಾನು ಕೊನೆಯ ಸಾಲಿನಲ್ಲಿ.

ಮೇಷ್ಟ್ರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ದಯವಿಟ್ಟು ಕಣ್ಣು ಬಿಡಿ. ಮೂವತ್ತು ವರ್ಷದಿಂದ ಎರಡಿಲ್ಲ ಅಂತ ನಿಮಗೆ ಹೇಳ್ಕೊಂಡು ಬಂದಿದೀನಿ. ಅದು ನಾನು ಓದಿದ್ದು. ನನಗೆ ಗೊತ್ತಿರ್ಲಿಲ್ಲ. ಈಗಲೂ ಗೊತ್ತಿಲ್ಲ. ಇವತ್ತು ನನಗೆ ನಿಜವಾಗಿ ಗೊತ್ತಿರೋ ಒಂದು ವಿಷಯ ಹೇಳ್ತೀನಿ. ಗಾಡಿನ ಹಿಂದಕ್ಕೆ ತಗೊಳ್ಳೋದು ಹೇಗೆ."

ಒಬ್ಬರು ಎದ್ದು ಹೊರಗೆ ಹೋದರು. ಉಳಿದವರು ಅತ್ತಿತ್ತ ನೋಡಿಕೊಂಡರು. ಮೇಷ್ಟ್ರು ಕುರ್ಚಿಯ ಮೇಲೆ ಕೂತು, ಗಾಳಿಯಲ್ಲಿ ಸ್ಟೀರಿಂಗ್ ಹಿಡಿದು, ಕುತ್ತಿಗೆ ತಿರುಗಿಸಿ ಆಸ್ಪತ್ರೆಯ ಅಂಗಳದಲ್ಲಿ ಹೇಗೆ ನಿಲ್ಲಿಸಿದೆ ಎಂದು ಹೇಳತೊಡಗಿದರು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಹೇಳುತ್ತ ಹೇಳುತ್ತ, "ಹಿಂದೆ ಗೋಡೆ ಇತ್ತು. ದಾರಿ ಹೇಳೋಕೆ ಇವಳು ಇಳಿದು ನಿಂತಿದ್ಲು, ಕನ್ನಡೀಲಿ ಇವಳ ಮುಖ ಇತ್ತು. ಪಟ್ಟಿ ಬಿಚ್ಚಿದ ಒಂದು ಕಣ್ಣು, ನಗ್ತಾ ಇದ್ಲು..." ಎಂದವರು ಮಾತು ಅಲ್ಲಿಗೇ ನಿಲ್ಲಿಸಿಬಿಟ್ಟರು. ಕೈಗಳು ಗಾಳಿಯಲ್ಲೇ ಇದ್ದವು, ಏನನ್ನೂ ಹಿಡಿದಿರಲಿಲ್ಲ. ಒಂದು ನಿಮಿಷ ಹಾಗೇ ಇದ್ದರು. ಯಾರೂ ಕೆಮ್ಮಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾರೋ ಯಾರನ್ನೋ ಕರೆದದ್ದು ನಮ್ಮನ್ನೇ ಕರೆದ ಹಾಗೆ ಕೇಳಿಸಿತು.

ಆಮೇಲೆ ಮೇಷ್ಟ್ರು ಕಣ್ಣು ಮಿಟುಕಿಸಿ, "ಎಲ್ಲಿದ್ದೆ?" ಎಂದರು. ಮುಂದಿನ ಸಾಲಿನಿಂದ ಅವರ ಹೆಂಡತಿ, "ಗೋಡೆ ಹತ್ರ!" ಎಂದರು. ಹಾಲಿಗೆ ಹಾಲೇ ನಕ್ಕಿತು.

ವಾಪಸ್ ಬರುವಾಗ, "ಹತ್ತಿ ಟೀಚರ್, ಮನೆ ತನಕ ಬಿಡ್ತೀವಿ" ಎಂದರು. ಮುಂದೆ ಗಂಡ ಹೆಂಡತಿ, ಹಿಂದೆ ನಾನು. ಒಳ್ಳೆಯ ಬಿಸಿಲು, ಕಿಟಕಿಯಿಂದ ತಣ್ಣನೆ ಗಾಳಿ. ಅವರಿಬ್ಬರೂ ಏನೋ ವಾದ ಮಾಡುತ್ತಿದ್ದರು, ಮಧ್ಯಾಹ್ನಕ್ಕೆ ಏನು ಅಡುಗೆ ಎಂದೋ ಏನೋ.

ದಾರಿಯ ಬಗ್ಗೆ ಬರೆಯೋಣ ಎಂದರೆ ಏನೂ ನೆನಪಿಲ್ಲ. ಯಾವ ಕಡೆಯಿಂದ ಬಂದರು, ಎಲ್ಲಿ ತಿರುಗಿದರು, ಒಂದೂ ಗೊತ್ತಿಲ್ಲ. ನಮ್ಮ ಮನೆಯ ಮುಂದೆ ಮೇಷ್ಟ್ರ ಹೆಂಡತಿ ಭುಜ ಹಿಡಿದು ಅಲುಗಾಡಿಸಿದ ಮೇಲೇ ನನಗೆ ಎಚ್ಚರವಾದದ್ದು. ಗೊರಕೆ ಬೇರೆ ಹೊಡೆಯುತ್ತಿದ್ದೆನಂತೆ.